ಲ್ಯಾಪ್‌ಟಾಪೂ ನಮ್ಮ ಬಾಲಿಕೆಯರ ಅಂಗಸ್ಥಿತಿಯೂ



2020ನೆಯ ಇಸವಿಯ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಲ್ಯಾಪ್‌ಟಾಪ್ ಎಂಬ ಯಂತ್ರವು ಅನೇಕ ಮಕ್ಕಳಿಗೆ ಪಾಠದ ಹಲಗೆಯಾಯಿತು. ಶಾಲೆಗಳು ತಿರುಗಿ ತೆರೆದರೂ ಅದು ಮನೆಗಳನ್ನು ಬಿಡಲಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪವಾದ ನಮ್ಮ ಸಿಂಗಸಂದ್ರದಲ್ಲಂತೂ ಹಿರಿಯರ ಉದ್ಯೋಗಕ್ಕೂ ಮಕ್ಕಳ ಓದಿಗೂ ಅದೇ ಸಾಧನವಾಗಿರುವ ಮನೆಗಳು ಅನೇಕವಿವೆ.

ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಕೊರಳು ನೋಯುತ್ತದೆಂದು ಪದೇ ಪದೇ ಹೇಳಿದಾಗ, “ನೆಟ್ಟಗೆ ಕುಳಿತುಕೋ” ಎಂದು ಗದರಿಸಿದವರು ನಾವೇ. ಬಳಿಕ ಅವಳ ಮನೆಗೆ ಹೋಗಿ ನೋಡಿದೆವು. ಇದ್ದದ್ದು ಒಂದೇ ಕೋಣೆ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲಣ ಯಂತ್ರಕ್ಕೆ ಬಾಗಿ ಓದುತ್ತಿದ್ದಳು. ತಪ್ಪು ಅವಳದಲ್ಲವೆಂದು ಆಗ ತಿಳಿದೆವು.

ಈ ಯಂತ್ರದಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಕೊರಳು ಬಾಗಬೇಕು. ಕಣ್ಣಿನ ಮಟ್ಟಕ್ಕೆ ಏರಿಸಿದರೆ ಭುಜಗಳು ಮೇಲೇಳಬೇಕು. ಮನುಷ್ಯನ ತಲೆಯ ಭಾರವು ಸುಮಾರು 5 ಕಿಲೋಗ್ರಾಂ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಕೈಚಾಚಿ ಹಿಡಿಯುವುದಕ್ಕೂ ಎಷ್ಟು ಭೇದವುಂಟೋ, ತಲೆಯನ್ನು ನೇರವಾಗಿ ಹೊರುವುದಕ್ಕೂ ಬಾಗಿಸಿ ಹೊರುವುದಕ್ಕೂ ಅಷ್ಟೇ ಭೇದವುಂಟು. ತಲೆಯು 60 ಡಿಗ್ರಿ ಬಾಗಿದರೆ ಕೊರಳಿನ ಮೇಲೆ ಬೀಳುವ ಹೊರೆಯು ಸುಮಾರು 27 ಕಿಲೋಗ್ರಾಂ ಆಗುವುದೆಂದು ನ್ಯೂಯಾರ್ಕಿನ ಶಸ್ತ್ರವೈದ್ಯರಾದ ಕೆನೆತ್ ಹನ್ಸ್‌ರಾಜ್ ಎಂಬವರು 2014ರಲ್ಲಿ ಲೆಕ್ಕಹಾಕಿ ತೋರಿಸಿದರು.

ಪರಿಹಾರವು ಕಷ್ಟವಾದುದಲ್ಲ. ಭಾರತವಾಚನ ಮಾಡುವವರು ಗ್ರಂಥವನ್ನು ವ್ಯಾಸಪೀಠದ ಮೇಲಿಡುವರಷ್ಟೆ. ಓದುವವನು ಗ್ರಂಥಕ್ಕೆ ಬಾಗದೆ ಗ್ರಂಥವೇ ಓದುವವನತ್ತ ಏಳುವುದು. ಹಾಗೆಯೇ,

ಮೊದಲನೆಯದಾಗಿ, ಯಂತ್ರವನ್ನು ಮೇಜಿನ ಮೇಲೆ ದಪ್ಪ ಪುಸ್ತಕಗಳ ಮೇಲಿಟ್ಟು, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತರತಕ್ಕದ್ದು.

ಎರಡನೆಯದಾಗಿ, ಬೇರೊಂದು ಕೀಲಿಮಣೆಯನ್ನೂ ಮೌಸನ್ನೂ ಜೋಡಿಸತಕ್ಕದ್ದು. ಮೊಣಕೈಗಳು ಮೈಗೆ ಹತ್ತಿರವಾಗಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಿದಿರಲಿ.

ಮೂರನೆಯದಾಗಿ, ಬೆನ್ನಿಗೆ ಒರಗು ಇರಲಿ. ಪಾದಗಳು ನೆಲ ಮುಟ್ಟದಿದ್ದರೆ ಕೆಳಗೊಂದು ಮಣೆಯನ್ನಿಡಿರಿ.

ನಾಲ್ಕನೆಯದಾಗಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲಿ. ಎಷ್ಟು ಒಳ್ಳೆಯ ಆಸನವಾದರೂ ಅಲುಗದೆ ಕುಳಿತರೆ ನೋವನ್ನೇ ತರುವುದು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೂ ವಿಶ್ರಾಂತಿ.

ಬೆರಳುಗಳು ಜೋಮುಹಿಡಿದರೆ, ಅಥವಾ ನೋವಿನಿಂದ ನಿದ್ರೆ ಕೆಟ್ಟರೆ, ತಡಮಾಡದೆ ವೈದ್ಯರಿಗೆ ತೋರಿಸಿರಿ.

ಆ ಬಾಲಿಕೆಯ ಮನೆಯಲ್ಲಿ ಈಗ ತಾಯಿಯ ಹೊಲಿಗೆಯ ಮೇಜೇ ಸಂಜೆ ಓದಿನ ಮೇಜಾಗುತ್ತದೆ. ಎರಡು ಹಳೆಯ ನಿಘಂಟುಗಳು ಯಂತ್ರವನ್ನು ಹೊತ್ತಿವೆ. ನೋವು ಬಹಳ ಮಟ್ಟಿಗೆ ಇಳಿದಿದೆ. ಆದಕಾರಣ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳು ನೋವೆಂದಾಗ ಸೋಮಾರಿಯೆಂದು ಜರೆಯುವ ಮೊದಲು, ಅವಳು ಕುಳಿತಿರುವ ಸ್ಥಳವನ್ನು ಒಮ್ಮೆ ಹೋಗಿ ನೋಡಿರಿ. ನಾವು ತಡವಾಗಿ ನೋಡಿದೆವು.