ಕೇದಾರಕ್ಕೆ ನಡೆದೇ ಹೋಗುವವರಿಗೆ ಹದಿಮೂರು ಸೂತ್ರಗಳು

ಗೌರಿಕುಂಡದಿಂದ ಕೇದಾರನಾಥಕ್ಕೆ 16 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿ ಹತ್ತಲು ಶುರುಮಾಡಿದರೆ ಗುಡಿ ಮುಟ್ಟುವಾಗ 3,583 ಮೀಟರ್‌ನಲ್ಲಿ ಇರುತ್ತೀರಿ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿ.ಮೀ. ಉದ್ದದ ರೋಪ್‌ವೇಗೆ 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಬಂದ ಮೇಲೆ ಎಂಟೊಂಬತ್ತು ಗಂಟೆಯ ಹಾದಿ 36 ನಿಮಿಷಕ್ಕೆ ಇಳಿಯಲಿದೆ. ವಯಸ್ಸಾದವರಿಗೆ, ಮಂಡಿನೋವಿನವರಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಕಾಲಲ್ಲಿ ಕಸುವಿರುವವರು ಒಮ್ಮೆಯಾದರೂ ಮಂದಾಕಿನಿ ನದಿಯ ಪಕ್ಕದಲ್ಲಿ ನಡೆದೇ ಹೋಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹಿಂದಿನವರು ಹೃಷಿಕೇಶದಿಂದಲೇ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಚಟ್ಟಿಗಳಿದ್ದವು, ಅಲ್ಲಿನ ಅಂಗಡಿಯಲ್ಲಿ ಅಕ್ಕಿ ಬೇಳೆ ಕೊಂಡವರಿಗೆ ರಾತ್ರಿ ತಂಗಲು ಜಾಗವೂ ಸಿಗುತ್ತಿತ್ತು. ಗೌರಿಕುಂಡ ದಾಟಿದ ಮೇಲೆ ಸಿಗುವ ಜಂಗಲ್ ಚಟ್ಟಿಯ ಹೆಸರಿನಲ್ಲಿ ಆ ಕಾಲ ಇನ್ನೂ ಉಳಿದುಕೊಂಡಿದೆ. ಅವರು ಒಂದೊಂದೇ ಚಟ್ಟಿ ಏರುತ್ತಾ ಹೋದದ್ದರಿಂದ ಅವರ ಮೈ ಬೆಟ್ಟಕ್ಕೆ ಒಗ್ಗುತ್ತಿತ್ತು. ನಮ್ಮದು ಅವಸರದ ಯಾತ್ರೆ. ಯಾತ್ರೆ ಕೆಡಿಸುವುದೂ ಈ ಅವಸರವೇ.

1. ವಾಪಸು ಟಿಕೆಟ್‌ಗೂ ಯಾತ್ರೆಗೂ ನಡುವೆ ಎರಡು ದಿನ ಖಾಲಿ ಬಿಡಿ.

ಇದೊಂದನ್ನು ಪಾಲಿಸಿದರೆ ಉಳಿದ ಸೂತ್ರಗಳಲ್ಲಿ ಅರ್ಧ ತಾವಾಗಿಯೇ ನಡೆಯುತ್ತವೆ. ಇವತ್ತು ಹರಿದ್ವಾರ, ನಾಳೆ ಗುಪ್ತಕಾಶಿ, ನಾಡಿದ್ದು ಕೇದಾರ, ಆಚೆ ನಾಡಿದ್ದು ಇಳಿದು ಬದರಿಯ ದಾರಿ ಎಂದು ಲೆಕ್ಕ ಹಾಕಿ, ಬದರಿ ಮುಗಿಸಿದ ಮರುದಿನವೇ ದೆಹಲಿಯಿಂದ ಬೆಂಗಳೂರಿಗೆ ವಿಮಾನ ಬುಕ್ ಮಾಡುವವರು ಬಹಳ. ರುದ್ರಪ್ರಯಾಗದ ಆಚೆ ಎಲ್ಲೋ ಗುಡ್ಡ ಕುಸಿದು ಆರು ಗಂಟೆ ರಸ್ತೆ ಮುಚ್ಚಿದರೆ ಈ ಲೆಕ್ಕ ಮುರಿದುಬಿಡುತ್ತದೆ. ಆಮೇಲೆ ಸುರಿಯುವ ಮಳೆಯಲ್ಲಿ, ಕತ್ತಲಾದ ಮೇಲೆ, ತಲೆ ಸಿಡಿಯುತ್ತಿದ್ದರೂ ‘ಇಷ್ಟು ದೂರ ಬಂದಾಗಿದೆ’ ಎಂದು ಹತ್ತುತ್ತಾರೆ. ಹೆಚ್ಚಿನ ಅನಾಹುತಗಳು ಇಲ್ಲೇ ಹುಟ್ಟುವುದು. ಕೈಯಲ್ಲಿ ಎರಡು ದಿನ ಇದ್ದರೆ ‘ಇವತ್ತು ಬೇಡ, ನಾಳೆ ಹೋಗೋಣ’ ಎನ್ನುವ ಧೈರ್ಯ ಬರುತ್ತದೆ. ಎಲ್ಲ ಸುಸೂತ್ರವಾಗಿ ನಡೆದು ಆ ದಿನಗಳು ಮಿಕ್ಕರೆ ಸೋನಪ್ರಯಾಗದ ಮೇಲಿರುವ ತ್ರಿಯುಗಿನಾರಾಯಣಕ್ಕೆ ಹೋಗಿಬನ್ನಿ. ಶಿವ ಪಾರ್ವತಿಯರ ಮದುವೆ ನಡೆದ ಜಾಗ ಎಂಬ ನಂಬಿಕೆಯ ಗುಡಿ ಅದು.

2. ತಿಂಗಳು ಆರಿಸುವಾಗ ರಜೆಯ ಜೊತೆಗೆ ಮೋಡವನ್ನೂ ನೋಡಿ.

ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು, ಕೇದಾರನ ಚಳಿಗಾಲದ ನೆಲೆಯಾದ ಉಖೀಮಠದಲ್ಲಿ ಪ್ರಕಟಿಸುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ತೆರೆದು, ದೀಪಾವಳಿಯ ಮರುದಿನಗಳಲ್ಲಿ ಬರುವ ಯಮದ್ವಿತೀಯಕ್ಕೆ ಮುಚ್ಚುತ್ತದೆ. ಬಾಗಿಲು ತೆರೆದ ಮೊದಲ ವಾರಗಳಲ್ಲಿ ವಿಪರೀತ ನೂಕುನುಗ್ಗಲು, ಹಾದಿಯಲ್ಲಿ ಸಿಗುವ ಲಿಂಚೌಲಿಯಿಂದ ಮೇಲೆ ಹಿಮವೂ ಇರುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ. 2024ರ ಜುಲೈ 31ರ ರಾತ್ರಿ ಸುರಿದ ಮಳೆಗೆ ಕಾಲುದಾರಿ ಹಲವು ಕಡೆ ಕೊಚ್ಚಿಹೋಗಿ ಸಾವಿರಾರು ಜನ ಮಧ್ಯದಲ್ಲೇ ಸಿಲುಕಿಕೊಂಡಿದ್ದರು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳೇ ಎಲ್ಲಕ್ಕಿಂತ ಒಳ್ಳೆಯವು. ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಗುಡಿಯ ಹಿಂದಿನ ಹಿಮಶಿಖರಗಳು ನಿಚ್ಚಳವಾಗಿ ಕಾಣುವುದು ಆಗ. ಚಳಿ ಮಾತ್ರ ಜಾಸ್ತಿ.

3. ಕುಮಾರ ಪರ್ವತದಲ್ಲಿ ಪರೀಕ್ಷೆ ಮಾಡಿಕೊಳ್ಳಿ.

ಗೌರಿಕುಂಡದಿಂದ ಕೇದಾರಕ್ಕೆ ಏರಬೇಕಾದ ಎತ್ತರ ಸುಮಾರು 1,600 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹತ್ತುವ ಏರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಗಿರಿಗದ್ದೆ ಮಾರ್ಗವಾಗಿ ಪರ್ವತ ಹತ್ತಿಳಿದು ಬಂದವರಿಗೆ ತಮ್ಮ ಮಂಡಿ, ಮೀನಖಂಡಗಳ ಯೋಗ್ಯತೆ ಗೊತ್ತಾಗಿಬಿಡುತ್ತದೆ. ಅಷ್ಟು ದೂರ ಹೋಗಲಾರದ ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ವಾರಕ್ಕೆ ಮೂರು ದಿನ, ಬೆನ್ನಿಗೆ ಐದು ಕಿಲೋ ಚೀಲ ಹಾಕಿಕೊಂಡು ಹತ್ತಿ. ಇಳಿಯುವಾಗಲೂ ಮೆಟ್ಟಿಲ ಮೇಲೇ ಇಳಿಯಿರಿ, ಬಸ್ಸು ಹಿಡಿಯಬೇಡಿ. ಬೆಂಗಳೂರಿನವರು ಶಿವಗಂಗೆಯನ್ನೋ ದೇವರಾಯನದುರ್ಗವನ್ನೋ ನೆಚ್ಚಿಕೊಳ್ಳಬಹುದು. ಎರಡು ತಿಂಗಳಾದರೂ ತಯಾರಿ ಬೇಕು.

ಒಂದು ಎಚ್ಚರ ಮಾತ್ರ ಇರಲಿ. ಕುಮಾರ ಪರ್ವತ ಹತ್ತಿದ ಕಾಲಿಗೆ ಕೇದಾರ ಕಷ್ಟವಾಗದೆ ಇರಬಹುದು, ಶ್ವಾಸಕೋಶಕ್ಕೆ ಅದು ಹೊಸ ಜಾಗ. ಕೇದಾರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಮ್ಯಾರಥಾನ್ ಓಡುವವರೂ ಇಲ್ಲಿ ತಲೆಸುತ್ತಿ ಕೂರುವುದುಂಟು.

4. ಮೊದಲು ತುಂಗನಾಥ, ಆಮೇಲೆ ಕೇದಾರ.

ಆ ಹೊಸ ಗಾಳಿಗೆ ಮೈಯನ್ನು ಒಗ್ಗಿಸುವ ಉಪಾಯ ಕೇದಾರವಿರುವ ಜಿಲ್ಲೆಯಲ್ಲೇ ಇದೆ. ಪಂಚಕೇದಾರಗಳಲ್ಲಿ ಒಂದಾದ ತುಂಗನಾಥ ಇರುವುದು ಕೇದಾರಕ್ಕಿಂತಲೂ ತುಸು ಮೇಲೆ, 3,680 ಮೀಟರ್‌ನಲ್ಲಿ. ಆದರೆ ಚೋಪ್ತಾದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಕಲ್ಲು ಹಾಸಿದ ದಾರಿಯಲ್ಲಿ ಮೂರೂವರೆ ನಾಲ್ಕು ಕಿಲೋಮೀಟರ್ ಅಷ್ಟೇ. ಬೆಳಗ್ಗೆ ಹತ್ತಿ, ದರ್ಶನ ಮುಗಿಸಿ, ಮಧ್ಯಾಹ್ನ ಇಳಿದು ಚೋಪ್ತಾದಲ್ಲೋ ಉಖೀಮಠದಲ್ಲೋ ಮಲಗಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು ಪರ್ವತಾರೋಹಿಗಳ ಹಳೆಯ ಕ್ರಮ. ಇನ್ನೊಂದು ದಿನ ಬಿಟ್ಟು ಕೇದಾರಕ್ಕೆ ಹೊರಟರೆ ಲಿಂಚೌಲಿಯ ಏರು ಅಷ್ಟು ಕಾಡುವುದಿಲ್ಲ. ಬಹುತೇಕ ಪ್ಯಾಕೇಜ್‌ಗಳು ತುಂಗನಾಥವನ್ನು ಬಿಟ್ಟೇಬಿಡುತ್ತವೆ ಅಥವಾ ಕೊನೆಗೆ ಇಡುತ್ತವೆ. ಹಿಂದುಮುಂದು ಮಾಡಿಕೊಡಿ ಎಂದು ಹಟ ಹಿಡಿದು ಕೇಳಿ.

5. ವೈದ್ಯರ ಹತ್ತಿರ ‘ಹನ್ನೆರಡು ಸಾವಿರ ಅಡಿ’ ಎಂದು ಬಾಯಿಬಿಟ್ಟು ಹೇಳಿ.

ಬರೀ ‘ಯಾತ್ರೆಗೆ ಹೋಗ್ತಿದೀನಿ ಡಾಕ್ಟ್ರೇ’ ಎಂದರೆ ಕಾಶಿಯೋ ತಿರುಪತಿಯೋ ಎಂದುಕೊಳ್ಳುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಇಸಿಜಿ ಮಾಡಿಸಿ, ಮಾತ್ರೆಯ ಹೊತ್ತು ಕೇಳಿಕೊಂಡೇ ಹೊರಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಪಕ್ಕದ ಮನೆಯವರು ತಗೊಂಡರು ಎಂದು ನೀವೂ ನುಂಗಬೇಡಿ. ಸಲ್ಫಾ ಔಷಧದ ಅಲರ್ಜಿ ಇರುವವರಿಗೆ ಅದು ಆಗದಿರಬಹುದು.

6. ನೋಂದಣಿ ನೀವೇ ಮಾಡಿ.

ಚಾರ್‌ಧಾಮ್ ಯಾತ್ರೆಗೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ಹೆಲಿಕಾಪ್ಟರ್ ಟಿಕೆಟ್ ಬೇಕಿದ್ದರೆ ಐಆರ್‌ಸಿಟಿಸಿಯ ಹೆಲಿಯಾತ್ರಾ ಮೂಲಕವೇ ಕೊಳ್ಳಿ. ಅಸಲಿಯಂತೆಯೇ ಕಾಣುವ ನಕಲಿ ಜಾಲತಾಣಗಳಿಗೆ ದುಡ್ಡು ಕಟ್ಟಿ ಕಣ್ಣೀರು ಹಾಕಿದವರು ಪ್ರತಿವರ್ಷ ಇದ್ದಾರೆ.

7. ಹೊಸ ಬೂಟು ಬೇಡ, ಹತ್ತಿ ಬಟ್ಟೆ ಬೇಡ.

ಬೂಟು ಕನಿಷ್ಠ ಒಂದು ತಿಂಗಳು ಹಳೆಯದಿರಲಿ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಬೇಗ ಒಣಗದು, ನಿಂತ ತಕ್ಷಣ ಮೈ ನಡುಗಿಸುತ್ತದೆ. ಸಿಂಥೆಟಿಕ್ ಬನಿಯನ್, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಮೇ ತಿಂಗಳಲ್ಲೂ ಕೇದಾರದ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಬರುತ್ತದೆ. ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಚೀಲದ ತಳದಲ್ಲಿಡಿ, ರಾತ್ರಿ ಮಲಗುವಾಗ ಮಾತ್ರ ತೆಗೆಯಿರಿ. ಗೌರಿಕುಂಡದಲ್ಲಿ ಬಿದಿರು ಕೋಲು ಸಿಗುತ್ತದೆ, ನಾಚಿಕೆಪಡದೆ ಕೊಳ್ಳಿ.

8. ಪಂಚಾಕ್ಷರಿಯೇ ನಿಮ್ಮ ವೇಗದ ಅಳತೆ.

ಬೆಳಗ್ಗೆ ಐದರೊಳಗೆ ಗೌರಿಕುಂಡ ಬಿಡಿ. ಸೋನಪ್ರಯಾಗದಿಂದ ಅಲ್ಲಿಗೆ ಸ್ಥಳೀಯ ಜೀಪುಗಳೇ ಹೋಗುವುದು, ಅದಕ್ಕೂ ಸಾಲು ನಿಲ್ಲಬೇಕು. ಹಿಂದಿನ ರಾತ್ರಿಯೇ ಗೌರಿಕುಂಡ ಸೇರಿಕೊಂಡರೆ ನೆಮ್ಮದಿ. ಮೊದಲ ಭಾಗ, ಜಂಗಲ್ ಚಟ್ಟಿ ದಾಟಿ ಭೀಮಬಲಿಯವರೆಗೆ, ಹಸಿರು ಕಾಡು, ಸಣ್ಣಪುಟ್ಟ ಜಲಪಾತ, ಹದವಾದ ಏರು. ಅಲ್ಲಿಂದ ಮುಂದೆ ರಾಮಬಾಡಾ. 2013ರ ಜೂನ್ 16, 17ರಂದು ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ಅಂಗಡಿ, ಛತ್ರಗಳಿದ್ದ ಆ ಊರೇ ಅಳಿಸಿಹೋಯಿತು. ಹಳೆಯ ದಾರಿಯೂ ಹೋಯಿತು. ಈಗಿನ ಹಾದಿ ಅಲ್ಲಿ ಸೇತುವೆ ದಾಟಿ ನದಿಯ ಆಚೆ ದಡಕ್ಕೆ ಹೊರಳುತ್ತದೆ. ಸೇತುವೆಯ ಮೇಲೆ ಒಂದು ನಿಮಿಷ ನಿಂತು ಎದುರು ದಡ ನೋಡಿ. ಅಲ್ಲಿ ಹೋದವರಿಗೆ ಕೈಮುಗಿದು ಮುಂದೆ ನಡೆಯಿರಿ.

ನಿಜವಾದ ಏರು ಶುರುವಾಗುವುದು ಆ ಸೇತುವೆಯಾಚೆ. ಚಿಕ್ಕ ಲಿಂಚೌಲಿ, ದೊಡ್ಡ ಲಿಂಚೌಲಿ ಎಂದು ತಿರುವಿನ ಮೇಲೆ ತಿರುವು. ಇಲ್ಲಿ ‘ಓಂ ನಮಃ ಶಿವಾಯ’ ಎಂದು ಗಟ್ಟಿಯಾಗಿ ಹೇಳುತ್ತಾ ಹೆಜ್ಜೆ ಹಾಕಿ. ಒಂದೇ ಉಸಿರಿನಲ್ಲಿ ಪೂರ್ತಿ ಹೇಳಲು ಬಂದರೆ ವೇಗ ಸರಿಯಾಗಿದೆ ಎಂದು ತಿಳಿಯಿರಿ. ‘ನಮಃ’ದ ಹತ್ತಿರವೇ ಉಸಿರು ತುಂಡಾದರೆ ಹೆಜ್ಜೆ ತಗ್ಗಿಸಿ. ನಡೆಯುತ್ತಾ ಮಾತಾಡಲು ಆಗಬೇಕು ಎನ್ನುವುದು ವ್ಯಾಯಾಮದ ತರಬೇತುದಾರರು ಹೇಳಿಕೊಡುವ ಅಳತೆಯೇ. ಯಾತ್ರಿಕನ ಬಾಯಲ್ಲಿ ಅದು ಜಪವಾಗುತ್ತದೆ. ನೂರು ಹೆಜ್ಜೆ ಓಡಿ ಹತ್ತು ನಿಮಿಷ ಕೂರುವವರಿಗಿಂತ, ಕೂರದೆ ನಿಧಾನ ನಡೆಯುವ ಅಜ್ಜಿಯರು ಮೊದಲು ಗುಡಿ ಮುಟ್ಟುತ್ತಾರೆ. ಬಾಯಾರಿಕೆ ಆಗದಿದ್ದರೂ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಕಡಲೆ ಚಿಕ್ಕಿ, ಒಣದ್ರಾಕ್ಷಿ, ಒಗ್ಗರಣೆ ಅವಲಕ್ಕಿ ಜೇಬಿನಲ್ಲಿರಲಿ.

9. ಹೇಸರಗತ್ತೆ ಬಂದಾಗ ಬೆಟ್ಟದ ಗೋಡೆಗೆ ಸರಿಯಿರಿ.

ಕೊರಳ ಗಂಟೆಯ ಸದ್ದು, ಹಿಂದೆಯೇ ‘ಸೈಡ್, ಸೈಡ್’ ಎಂಬ ಕೂಗು. ಕೇಳಿದ ಕೂಡಲೇ ಕಣಿವೆಯ ಕಡೆ ಸರಿಯುವುದು ಜನರ ಅಭ್ಯಾಸ, ಅಲ್ಲೇ ಅಪಾಯ. ಪ್ರಾಣಿಯ ಹೊಟ್ಟೆಯ ಎರಡೂ ಪಕ್ಕ ಜೋತುಬಿದ್ದ ಸವಾರನ ಕಾಲು, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ ನಿಮ್ಮ ಭುಜಕ್ಕೆ ತಾಗಿದರೂ ಸಾಕು, ಅಂಚಿನಲ್ಲಿ ನಿಂತವರ ಕಾಲು ಜಾರುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಕೋಲನ್ನು ಮೈಗೆ ಒತ್ತಿ ನಿಲ್ಲಿ, ಸಾಲು ದಾಟಿಹೋಗಲಿ. ಸವಾರಿಯೇ ಬೇಕೆನ್ನುವವರು ಹತ್ತುವ ಮುನ್ನ ಪ್ರಾಣಿಯನ್ನು ನೋಡಿ. ಕುಂಟುತ್ತಿದ್ದರೆ, ಬೆನ್ನಿನಲ್ಲಿ ಹುಣ್ಣಿದ್ದರೆ, ಏದುಸಿರು ಬಿಡುತ್ತಿದ್ದರೆ ಬೇರೆಯದನ್ನು ಕೇಳಿ. ಒಂದೇ ದಿನ ಎರಡು ಸಲ ಹತ್ತಿಳಿಸಿ ಬಳಲಿಸಿದ ಮೂಕಪ್ರಾಣಿಯ ಬೆನ್ನೇರಿ ಶಿವನನ್ನು ನೋಡಲು ಹೋಗುವುದು ನನಗೆ ಒಪ್ಪಿಗೆಯಿಲ್ಲ. ನಂದಿ ಅವನ ಎದುರಿಗೇ ಕೂತಿದ್ದಾನೆ.

10. ತಲೆನೋವನ್ನು ಭಕ್ತಿಯಿಂದ ಮುಚ್ಚಬೇಡಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಆಗ ಇನ್ನೂ ಮೇಲೆ ಹೋಗಬಾರದು. ವಿಶ್ರಾಂತಿ ಪಡೆದು, ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಯಂಥ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಮಾತು ತೊದಲಿದರೆ, ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ ಮಿದುಳಿಗೆ ಬಾವು ಬಂದಿದೆ. ಇವೆರಡರಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ದಾರಿಯ ವೈದ್ಯಕೀಯ ಶಿಬಿರಕ್ಕೆ ತಿಳಿಸಿ ಕೆಳಕ್ಕೆ ಕರೆದೊಯ್ಯಬೇಕು. ಗುಡಿ ಇನ್ನೊಂದೇ ಕಿಲೋಮೀಟರ್ ಇದ್ದರೂ ಇಳಿಯಲೇಬೇಕು. ಕಾಯಿಲೆ ಬಿದ್ದವರಿಗೆ ಅದು ತಿಳಿಯುವುದೇ ಇಲ್ಲ, ‘ನಂಗೇನೂ ಆಗಿಲ್ಲ ಕಣೋ, ನಡಿ’ ಎನ್ನುತ್ತಾರೆ. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡಿಕೊಂಡು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು. ಹೆಲಿಕಾಪ್ಟರಿನಲ್ಲಿ ಹೋಗುವವರು ಇದನ್ನು ಎರಡು ಸಲ ಓದಿಕೊಳ್ಳಿ. ಕೆಲವೇ ನಿಮಿಷಗಳಲ್ಲಿ ಅಷ್ಟು ಎತ್ತರ ಏರಿದ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ.

11. ಕೇದಾರದಲ್ಲಿ ಒಂದು ರಾತ್ರಿ, ಮೈ ಒಪ್ಪಿದರೆ ಮಾತ್ರ.

ಸಂಜೆ ಅಲಂಕಾರದ ದರ್ಶನ, ಮರುದಿನ ಬೆಳಗ್ಗೆ ಹತ್ತಿರದ ದರ್ಶನ, ಎರಡೂ ಸಿಗಬೇಕಾದರೆ ಉಳಿಯಲೇಬೇಕು. ಗೂಳಿಯ ಬೆನ್ನಿನ ಡುಬ್ಬದಂತಿರುವ ಲಿಂಗಕ್ಕೆ ಭಕ್ತರು ತುಪ್ಪ ಹಚ್ಚುವುದು ಬೆಳಗಿನ ಹೊತ್ತು. ಜನಸಂದಣಿ ನೋಡಿ ಒಳಗೆ ಬಿಡುವ ಕ್ರಮ ಬದಲಾಗುತ್ತದೆ. ಗುಡಿಯ ಹಿಂದೆ ಭೀಮಶಿಲೆಯಿದೆ, 2013ರ ಪ್ರವಾಹವನ್ನು ಎರಡಾಗಿ ಸೀಳಿ ಗುಡಿಯನ್ನು ಉಳಿಸಿದ ಬಂಡೆ. ಅದರಾಚೆ ಶಂಕರಾಚಾರ್ಯರ ಸಮಾಧಿ ಸ್ಥಳದಲ್ಲಿ 12 ಅಡಿಯ ಮೂರ್ತಿ. 2021ರ ನವೆಂಬರ್‌ನಲ್ಲಿ ಅನಾವರಣಗೊಂಡ ಅದನ್ನು ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಕಪ್ಪು ಕಲ್ಲಿನ ಆ ಮುಖದ ಎದುರು ಸ್ವಲ್ಪ ಹೊತ್ತು ಕೂತುಕೊಳ್ಳಿ.

12. ಇಳಿಯುವಾಗ ಲೇಸು ಬಿಗಿ ಮಾಡಿ.

ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಮಂಡಿ. ಬೆರಳು ಬೂಟಿನ ಮುಂಭಾಗಕ್ಕೆ ಬಡಿಯದಂತೆ ಕಣಕಾಲ ಹತ್ತಿರ ಲೇಸು ಎಳೆದು ಕಟ್ಟಿ. ಉಗುರು ಮೊದಲೇ ಕತ್ತರಿಸಿರಿ. ಸಣ್ಣ ಹೆಜ್ಜೆ, ಮಂಡಿ ತುಸು ಬಾಗಿರಲಿ. ರೈನ್‌ಕೋಟಿನ ಹರಕು, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಎಲ್ಲವೂ ನಿಮ್ಮ ಚೀಲದಲ್ಲೇ ಕೆಳಗಿಳಿಯಲಿ, ಮಂದಾಕಿನಿಗೆ ಹೋಗುವುದು ಬೇಡ.

13. ಮುಂದಿನ ಕೇದಾರಗಳಿಗೆ ಗೈಡ್ ಇಲ್ಲದೆ ಹೋಗಬೇಡಿ.

ಕೇದಾರ ಮುಗಿಸಿದವರಿಗೆ ಪಂಚಕೇದಾರಗಳಲ್ಲೇ ಸೇರಿದ ಮದ್ಮಹೇಶ್ವರ, ರುದ್ರನಾಥಗಳ ಆಸೆ ಹುಟ್ಟುವುದು ಸಹಜ. ಹುಟ್ಟಲಿ. ಆದರೆ ಅಲ್ಲಿ ಕೇದಾರದಂತೆ ಹೆಜ್ಜೆಗೊಂದು ಚಹಾದಂಗಡಿಯಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ, ಕರ್ನಾಟಕದಿಂದ ಹೋಗಿದ್ದ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಚಾರಣಿಗರು ತೀರಿಕೊಂಡರು. ಅನುಭವಿಗಳು, ಬೆಟ್ಟವನ್ನು ಪ್ರೀತಿಸಿದವರು. ಹವಾಮಾನ ಅವರಿಗೂ ದಯೆ ತೋರಲಿಲ್ಲ. ಎತ್ತರದ ದಾರಿಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಅಲ್ಲಿಂದ ಹಿಂದಿರುಗುವುದೆಂದು ಹೊರಡುವ ಮುನ್ನವೇ ತೀರ್ಮಾನಿಸಿ, ಆ ಮಾತನ್ನು ಗೈಡ್‌ಗೂ ಹೇಳಿ, ಮನೆಯವರಿಗೂ ಹೇಳಿ.

ರಾತ್ರಿ ಉಖೀಮಠದಲ್ಲಿ ತಂಗಿದರೆ ಓಂಕಾರೇಶ್ವರ ಗುಡಿಗೆ ಹೋಗಿ. ಚಳಿಗಾಲದ ಆರು ತಿಂಗಳು ಕೇದಾರನ ಪೂಜೆ ನಡೆಯುವುದು ಅಲ್ಲಿ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠದ ನೆಲೆಯೂ ಅದೇ. ಅಲ್ಲಿನ ಪೀಠಾಧಿಪತಿಗಳಾದ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು, ಹೆಚ್ಚಾಗಿ ನಮ್ಮ ಕಡೆಯಿಂದ ಹೋದವರು. ಮದ್ಮಹೇಶ್ವರನ ಚಳಿಗಾಲದ ಪೂಜೆಯೂ ಅಲ್ಲೇ ನಡೆಯುತ್ತದೆ. ಆ ದಾರಿಯ ಸ್ಥಿತಿ ಹೇಗಿದೆ, ಯಾರನ್ನು ಗೈಡ್ ಆಗಿ ಕರೆದೊಯ್ಯಬಹುದು ಎಂದು ಗುಡಿಯವರನ್ನೇ ವಿಚಾರಿಸಿಕೊಳ್ಳಿ.