ಸೊಂಟನೋವಿಗೆ ಮೊದಲು ವ್ಯಾಯಾಮ, ಶಸ್ತ್ರಚಿಕಿತ್ಸೆ ಕೊನೆಗೆ



ಯಾಪಲದಿನ್ನಿಯಂತಹ ಗ್ರಾಮಗಳಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ತುಂಬಿದ ಕೊಡ ಹೊರುವುದು ನಿತ್ಯದ ದುಡಿಮೆ. ಇದರಿಂದ ಟೊಂಕ ಹಿಡಿಯುವುದು ಸಹಜ. ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ಸೊಂಟನೋವೆಂದು ಕರೆಯುತ್ತಾರೆ. ಇದರಲ್ಲಿ ಬಹುಪಾಲು ಅಪಾಯಕಾರಿಯಲ್ಲ.

ಶಸ್ತ್ರಚಿಕಿತ್ಸೆ ಬೇಕೇ?

ಬ್ರಿಟನ್ನಿನಲ್ಲಿ 349 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಕ್ರಮಬದ್ಧ ವ್ಯಾಯಾಮವನ್ನೂ ಗೊತ್ತುಪಡಿಸಲಾಯಿತು. ಎರಡು ವರ್ಷಗಳ ತರುವಾಯ ಎರಡೂ ಗುಂಪುಗಳ ಸುಧಾರಣೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲವೆಂದು 2005ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ವ್ಯಾಯಾಮ ಹಾಗೂ ತಿಳಿವಳಿಕೆಯನ್ನು ಶಿಫಾರಸು ಮಾಡಿದೆ.

ಸೊಂಟನೋವಿಗಾಗಿ ಗರ್ಭಕೋಶ ತೆಗೆಸುವುದು ಇನ್ನೂ ದೊಡ್ಡ ತಪ್ಪು. ಕಲಬುರಗಿ ಜಿಲ್ಲೆಯಲ್ಲಿ ಅನೇಕ ಸ್ತ್ರೀಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ಬೆಳಕಿಗೆ ಬಂದಿತು. ದುಡಿಮೆಯಿಂದ ಬಂದ ನೋವು ಗರ್ಭಕೋಶ ತೆಗೆದರೆ ಹೋಗದು. ಸಾಲ ಮಾತ್ರ ಉಳಿಯುವುದು.

ಮಾಡತಕ್ಕ ವ್ಯಾಯಾಮ

1. ಅಂಗಾತ ಮಲಗಿ ಮೊಣಕಾಲು ಮಡಚಿರಿ. ಸೊಂಟವನ್ನು ನಿಧಾನವಾಗಿ ಮೇಲೆತ್ತಿ, ಐದು ಎಣಿಸಿ ಇಳಿಸಿರಿ.
2. ಒಂದೊಂದೇ ಮೊಣಕಾಲನ್ನು ಎದೆಯತ್ತ ತಂದು ಬಿಡಿರಿ.
3. ಪ್ರತಿದಿನವೂ ನಡೆಯಿರಿ, ದಿನವಿಡೀ ಹಾಸಿಗೆ ಹಿಡಿಯಬೇಡಿರಿ.

ಐದೈದು ಸಲದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿರಿ. ಫಲ ಕಾಣಲು ಆರೆಂಟು ವಾರಗಳಾದರೂ ಬೇಕು. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳತಕ್ಕದ್ದು.

ಮನೆಯವರ ಪಾಲು

ಪತ್ನಿಗೆ ವ್ಯಾಯಾಮ ಮಾಡೆಂದು ಹೇಳಿ, ನೀರು, ಸೌದೆಯ ಭಾರವನ್ನೆಲ್ಲ ಆಕೆಯ ಮೇಲೆಯೇ ಬಿಟ್ಟರೆ ಪ್ರಯೋಜನವಿಲ್ಲ. ಕೊಡವನ್ನು ಪತಿಯೂ ಹೊರಲಿ. ತುಂಬಿದ ಒಂದು ಕೊಡಕ್ಕಿಂತ ಅರೆತುಂಬಿದ ಎರಡು ಲೇಸು. ನೆಲದ ಭಾರವನ್ನು ಮೊಣಕಾಲು ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿರಿ.

ತಡಮಾಡದಿರಿ

ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಕಾಲಿನ ಬಲ ಕುಂದುವುದು ಕಂಡುಬಂದರೆ ಅಂದೇ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಹೋಗಿರಿ. ಇಂಥಲ್ಲಿ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು. ತಡವಾದರೆ ಕಾಲಿನ ಶಕ್ತಿಯೇ ಹೋದೀತು. ಬಿಡದ ಜ್ವರ, ತೂಕ ಇಳಿಯುವುದು ಬೆನ್ನುಮೂಳೆಯ ಕ್ಷಯದ ಸೂಚನೆಯಾಗಿರಬಹುದು, ಪರೀಕ್ಷೆ ಮಾಡಿಸಿರಿ.

ಉಳಿದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಹೊಲ ಒತ್ತೆಯಿಟ್ಟು ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ, ಪ್ರತಿದಿನ ಅರ್ಧ ಗಂಟೆಯನ್ನು ವ್ಯಾಯಾಮಕ್ಕೆ ಮೀಸಲಿಡಿರಿ.