ಕ್ವಾಯ್ ನದಿಯ ಸೇತುವೆ: ವೀರನ ಕುರಿತು ಒಂದು ಸಂದೇಹ

ಡೇವಿಡ್ ಲೀನ್ ನಿರ್ದೇಶಿಸಿದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರವನ್ನು ನಾನು ಮೊದಲು ನೋಡಿದ್ದು ಶಿಕ್ಷಕ ತರಬೇತಿಯ ದಿನಗಳಲ್ಲಿ. ಕನ್ನಡ ಮಾಧ್ಯಮದ ಮೆಟ್ರಿಕ್ ವಿದ್ಯಾವಂತನಾದ ನನಗೆ ಆಂಗ್ಲ ಸಂಭಾಷಣೆ ಅರ್ಧವೂ ಅರ್ಥವಾಗಲಿಲ್ಲ. ಸೈನಿಕರ ಸಿಳ್ಳೆಯ ರಾಗ ಕಿವಿಯಲ್ಲುಳಿಯಿತು. ಕೊನೆಗೆ ಸೇತುವೆ ರೈಲಿನೊಡನೆ ಕುಸಿದಾಗ ಎಲ್ಲರಂತೆ ಚಪ್ಪಾಳೆ ತಟ್ಟಿದೆ. ನಿವೃತ್ತನಾದ ಬಳಿಕ ಮೊಮ್ಮಗನೊಡನೆ ಪುನಃ ನೋಡಿದಾಗ ಚಪ್ಪಾಳೆಗೆ ಕೈ ಬರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕ ಬ್ರಿಟಿಷ್ ತುಕಡಿಯ ಮುಖ್ಯಸ್ಥ ಕರ್ನಲ್ ನಿಕಲ್ಸನ್. ಪಾತ್ರಧಾರಿ ಅಲೆಕ್ ಗಿನ್ನೆಸ್. ಅಧಿಕಾರಿಗಳೂ ಕೂಲಿ ಮಾಡಬೇಕೆಂಬ ಶಿಬಿರಾಧಿಪತಿ ಸೈಟೋನ ಆಜ್ಞೆಯನ್ನು ಜಿನೀವಾ ಒಪ್ಪಂದದ ಬಲದಿಂದ ಧಿಕ್ಕರಿಸಿ, ಅವನು ಕಾದ ತಗಡಿನ ಗೂಡಿನಲ್ಲಿ ದಿನಗಟ್ಟಲೆ ಬೇಯುತ್ತಾನೆ. ಇಲ್ಲಿಯವರೆಗೆ ಅವನು ಪಾಠಪುಸ್ತಕಗಳ ಧೀರೋದಾತ್ತ ನಾಯಕನೇ ಸರಿ. ಗೆದ್ದು ಹೊರಬಂದವನು ತನ್ನ ಸೈನಿಕರ ಕಳಪೆ ಕೆಲಸವನ್ನು ಕಂಡು ನೊಂದು, ಶಿಸ್ತಿನ ಹೆಸರಿನಲ್ಲಿ ಶತ್ರುವಿಗಾಗಿಯೇ ಭದ್ರವಾದ ಸೇತುವೆಯನ್ನು ಕಟ್ಟಿಸತೊಡಗುತ್ತಾನೆ. ಕೆಲಸ ಹಿಂದೆ ಬಿದ್ದಾಗ, ಯಾವ ಕೂಲಿಯನ್ನು ನಿರಾಕರಿಸಿ ತಾನು ಬೆಂದನೋ ಅದೇ ಕೂಲಿಗೆ ಅಧಿಕಾರಿಗಳನ್ನು ಇಳಿಸುತ್ತಾನೆ, ರೋಗಿಗಳನ್ನೂ ಬಿಡುವುದಿಲ್ಲ. ವಿದ್ಯಾರ್ಥಿಗಳು ಈ ತಿರುವನ್ನು ಗಮನಿಸಬೇಕು. ಅವನ ಹಟ, ನಿಷ್ಠೆ ಯಾವುದೂ ಬದಲಾಗಲಿಲ್ಲ. ಯಾರಿಗಾಗಿ ಎಂಬುದೊಂದನ್ನು ಮಾತ್ರ ಮರೆತ. ಸಿಡಿಮದ್ದಿನ ತಂತಿಯನ್ನು ಶತ್ರುವಿಗೆ ತೋರಿಸಿಕೊಡುವವನೂ ಅವನೇ.

ನನಗೆ ನನ್ನದೇ ನೆನಪಾಯಿತು. ಒಮ್ಮೆ ತನಿಖೆಗೆ ಬರುತ್ತಾರೆಂದು ಮೂರು ವಾರ ಗೋಡೆಗೆ ಸುಣ್ಣ, ನಕ್ಷೆಗಳಿಗೆ ಬಣ್ಣ, ಹಾಜರಿ ಪುಸ್ತಕಗಳಿಗೆ ಹೊಸ ರಟ್ಟು ಎಂದು ಮಕ್ಕಳನ್ನು ದುಡಿಸಿದೆ. ಶ್ಲಾಘನೆ ದೊರೆಯಿತು. ಆ ವರ್ಷ ಹತ್ತನೆಯ ತರಗತಿಯ ಗಣಿತದಲ್ಲಿ ಹಲವರು ಅನುತ್ತೀರ್ಣರಾದರು.

ಇನ್ನು ಚಿತ್ರದ ಶಿಯರ್ಸ್ ಸತ್ತ ಅಧಿಕಾರಿಯ ಉಡುಪು ತೊಟ್ಟ ಸಾಮಾನ್ಯ ನಾವಿಕ. ವೀರನಾಗುವ ಬಯಕೆಯೇ ಇಲ್ಲದ ಅವನು ನನಗೆ ಹೆಚ್ಚು ಪ್ರಾಮಾಣಿಕನೆನಿಸಿದ.

ವೀರನನ್ನು ಇಷ್ಟು ಧೈರ್ಯದಿಂದ ಸಂದೇಹಿಸಿದ ಚಿತ್ರಕ್ಕೂ ಒಂದು ಕುರುಡಿದೆ. ಸಯಾಮಿನಿಂದ ಬರ್ಮಾಕ್ಕೆ ಹಾಕಿದ ನಿಜವಾದ ರೈಲುಮಾರ್ಗದ ಉದ್ದ 415 ಕಿಲೋಮೀಟರು. 1943ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು. ಅಲ್ಲಿ ದುಡಿದ ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ ಸುಮಾರು ಹನ್ನೆರಡು ಸಾವಿರ ಮಂದಿ ಸತ್ತರು. ಏಷ್ಯಾದ ಕೂಲಿಗಳಾದರೋ ಎರಡು ಲಕ್ಷದಷ್ಟಿದ್ದರು. ಸತ್ತವರು ಸುಮಾರು ತೊಂಬತ್ತು ಸಾವಿರವೆಂದು ಅಂದಾಜು. ಮಲಯಾದ ರಬ್ಬರು ತೋಟಗಳಿಂದ ಒಯ್ದ ತಮಿಳರು ಅವರಲ್ಲಿ ಬಹಳ. ನಾವು ನೆಲೆಸಿರುವ ಈ ತಮಿಳುನಾಡಿನಿಂದಲೇ ಹಿಂದೆ ಹೊಟ್ಟೆಪಾಡಿಗೆ ಕಡಲು ದಾಟಿದ ಮನೆತನಗಳವರು. ಚಿತ್ರದಲ್ಲಿ ಅವರಿಗೆ ಸ್ಥಳವಿಲ್ಲ. ಹೊರೆ ಹೊತ್ತು ದಾರಿ ತೋರುವ ಸಯಾಮಿ ಹೆಂಗಸರಿದ್ದಾರೆ; ಅವರ ಮಾತು ಕಥೆಗೆ ಬೇಕಾಗಿಲ್ಲ.

ಕೈದಿಗಳಿಗೂ ನ್ಯಾಯ ದೊರೆತಿಲ್ಲ. ತಾಮಾರ್ಕನ್ ಶಿಬಿರದ ನಿಜವಾದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ಶತ್ರುವಿನ ಕೆಲಸವನ್ನು ಹೆಮ್ಮೆಯಿಂದ ಮಾಡಿಸಿದವನಲ್ಲ. ತನ್ನವರ ಜೀವ ಉಳಿಸಲು ಹೆಣಗಿದವನು. ಬದುಕಿ ಬಂದ ಅನೇಕ ಕೈದಿಗಳು ನಿಕಲ್ಸನ್ನನ ಚಿತ್ರಣವನ್ನು ಆಕ್ಷೇಪಿಸಿದರು.

ಕೆಲಸ ಮುಗಿದಾಗ ನಿಕಲ್ಸನ್ ಸೇತುವೆಗೆ ಒಂದು ಫಲಕ ಹೊಡೆಸುತ್ತಾನೆ: ಇದನ್ನು ಬ್ರಿಟಿಷ್ ಸೈನಿಕರು ಕಟ್ಟಿದರೆಂದು. ಮೊದಲ ಸಲ ಆ ಫಲಕ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಎರಡನೆಯ ಸಲ, “ತಾತ, ಏನು ಬರೆದಿದೆ?” ಎಂದು ಮೊಮ್ಮಗ ಕೇಳಿದ. ಓದಿ ಹೇಳಿದೆ.